ಡಬ್ ರೆಗೆಯನ್ನು ಹೌಸ್, ಟೆಕ್ನೊಗೆ ರೀಮಿಕ್ಸ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ರೆಗೆ ಜಮೈಕಾದ ಸಂಗೀತ; ಹೌಸ್, ಟೆಕ್ನೊ ಯಂತ್ರದ ತಾಳದ ಮೇಲೆ ಕಟ್ಟುವ ಕ್ಲಬ್ಬಿನ ಕುಣಿತದ ಸಂಗೀತ. ಒಂದನ್ನು ಇನ್ನೊಂದಕ್ಕೆ ಒಗ್ಗಿಸುವ ಬಗ್ಗೆ ಪತ್ರಗಳಲ್ಲಿ, ಮಾತುಕತೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಮೊದಲು ಕೇಳುಗರ ಪ್ರಶ್ನೆಗಳು, ಆಮೇಲೆ ಕಂಪ್ಯೂಟರ್ ಮುಂದೆ ಕೂತು ಮಾಡುವವರವು. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಕೇಳುವವರಿಗೆ

ಡಬ್ ಅಂದ್ರೆ ರೆಗೆ ಹಾಡಿಂದ ಗಾಯಕನ ದನಿ ತೆಗೆಯೋದು, ಅಷ್ಟೇನಾ?

ಶುರುವಾದದ್ದು ಹಾಗೇ. 1960ರ ದಶಕದ ಕೊನೆಗೆ ಜಮೈಕಾದ ಸೌಂಡ್ ಸಿಸ್ಟಂಗಳಲ್ಲಿ, ಅಂದರೆ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಬಯಲಿನಲ್ಲಿ ಜೋಡಿಸಿ ನಡೆಸುವ ಕುಣಿತದ ಕೂಟಗಳಲ್ಲಿ, ಗಾಯಕನ ದನಿಯಿಲ್ಲದ ತಟ್ಟೆಗಳನ್ನು (ಗ್ರಾಮಫೋನ್ ರೆಕಾರ್ಡುಗಳನ್ನು) ಹಾಕತೊಡಗಿದರು. ಅದರ ಮೇಲೆ ಡೀಜೆ ಮೈಕ್ ಹಿಡಿದು ಮಾತು ಕಟ್ಟುತ್ತಿದ್ದ. 7 ಇಂಚಿನ ರೆಕಾರ್ಡಿನ ಹಿಂಬದಿಗೆ ಇದೇ ‘ವರ್ಷನ್’ ಎಂಬ ಹೆಸರಲ್ಲಿ ಬಂತು.

ಅದನ್ನು ಒಂದು ಕಲೆಯಾಗಿಸಿದವರು ಎಂಜಿನಿಯರ್‌ಗಳು. ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಬಡಾವಣೆಯಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುತ್ತಿದ್ದ ಆಸ್ಬರ್ನ್ ರಡಕ್, ಎಲ್ಲರೂ ಕರೆದಂತೆ ಕಿಂಗ್ ಟಬ್ಬಿ (1941–1989), ತನ್ನ ಮನೆಯಲ್ಲೇ ಸ್ಟುಡಿಯೊ ಇಟ್ಟಿದ್ದ. ಇಡೀ ವಾದ್ಯಮೇಳ ಅಲ್ಲಿ ನುಡಿಸುತ್ತಿರಲಿಲ್ಲ. ಚಾನೆಲ್ ಒನ್‌ನಂಥ ಬೇರೆ ಸ್ಟುಡಿಯೊಗಳಲ್ಲಿ ಮುದ್ರಿಸಿದ ನಾಲ್ಕು ಟ್ರ್ಯಾಕ್‌ನ ಟೇಪು, ಅಂದರೆ ವಾದ್ಯ, ದನಿಗಳನ್ನು ನಾಲ್ಕು ಬೇರೆ ಬೇರೆ ಪಾಲಾಗಿ ಇಟ್ಟದ್ದು, ಅವನ ಬಳಿ ಬರುತ್ತಿತ್ತು. ಡ್ರಮ್ಸ್, ಬೇಸ್ ಉಳಿಸಿಕೊಂಡು, ಗಿಟಾರನ್ನು ಒಂದು ಕ್ಷಣ ಬಿಟ್ಟು ಮುಚ್ಚಿ, ಹಾಡಿನ ಒಂದೇ ಪದವನ್ನು ಎಕೋಗೆ (ಮರುದನಿ ಹುಟ್ಟಿಸುವ ಯಂತ್ರಕ್ಕೆ) ಎಸೆದು, ಮಿಕ್ಸರನ್ನೇ ವಾದ್ಯದಂತೆ ನುಡಿಸಿದ. ದನಿ ತೆಗೆಯುವುದು ಮೊದಲ ಹೆಜ್ಜೆ ಮಾತ್ರ. ಏನನ್ನು ಯಾವಾಗ ವಾಪಸ್ ಬಿಡಬೇಕು ಎನ್ನುವುದರಲ್ಲೇ ಡಬ್ ಇರುವುದು.

ರೆಗೆ ಜಮೈಕಾದ್ದು, ಹೌಸ್ ಅಮೆರಿಕದ್ದು. ಎರಡೂ ಎಲ್ಲಿ ಸೇರಿದವು?

ಹೌಸ್ ಎಂಬ ಹೆಸರು ಹರಡುವ ಮೊದಲೇ ನ್ಯೂಯಾರ್ಕಿನಲ್ಲಿ ಸೇರಿಯಾಗಿತ್ತು. ಪ್ಯಾರಡೈಸ್ ಗರಾಜ್ ಕ್ಲಬ್ಬಿನ (1977–1987) ಡೀಜೆ ಲ್ಯಾರಿ ಲೆವಾನ್ ಗಾಯಕಿ ಗ್ವೆನ್ ಗತ್ರಿಯ ಹಾಡುಗಳನ್ನು ಮಿಕ್ಸ್ ಮಾಡಿದ. ಅವನ್ನು ಬಹಾಮಾಸ್‌ನ ಕಂಪಾಸ್ ಪಾಯಿಂಟ್ ಸ್ಟುಡಿಯೊದಲ್ಲಿ ನುಡಿಸಿದ್ದು ಜಮೈಕಾದ ಡ್ರಮ್ಸ್–ಬೇಸ್ ಜೋಡಿ ಸ್ಲೈ ಡನ್‌ಬಾರ್ ಮತ್ತು ರಾಬಿ ಶೇಕ್ಸ್‌ಪಿಯರ್. 1983ರ ‘ಪ್ಯಾಡ್‌ಲಾಕ್’ ತಟ್ಟೆ ಅದು. ಜಮೈಕಾದ ಬೇಸ್, ಡಬ್ಬಿನ ಎಕೋ, ಕ್ಲಬ್ಬಿನ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಏಟು) ಮೂರೂ ಅಲ್ಲಿವೆ. ಅದೇ ವಲಯದ ಫ್ರಾಂಸ್ವಾ ಕೆವೋರ್ಕಿಯನ್ 2003ರಲ್ಲಿ ‘ಡೀಪ್ ಸ್ಪೇಸ್’ ಎಂಬ ವಾರದ ಕೂಟವನ್ನೇ ಡಬ್ಬಿಗಾಗಿ ಶುರು ಮಾಡಿದ.

ಇನ್ನೊಂದು ಕೂಡುಹಾದಿ ಬರ್ಲಿನ್. ಮಾರ್ಕ್ ಎರ್ನೆಸ್ಟುಸ್ 1989ರಲ್ಲಿ ಹಾರ್ಡ್ ವ್ಯಾಕ್ಸ್ ರೆಕಾರ್ಡ್ ಅಂಗಡಿ ತೆರೆದ. ಮೋರಿಟ್ಸ್ ಫಾನ್ ಓಸ್ವಾಲ್ಡ್ ಜೊತೆ 1993ರಲ್ಲಿ ಬೇಸಿಕ್ ಚಾನೆಲ್ ಲೇಬಲ್ ಕಟ್ಟಿದ. ಟೆಕ್ನೊ ತಾಳದ ಮೇಲೆ ಡಬ್ಬಿನ ಎಕೋ ತುಂಬಿದ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಅಲ್ಲಿಂದ ಬಂದವು. ಇದೇ ಜೋಡಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿದ್ದ ವ್ಯಾಕೀಸ್ ಲೇಬಲ್ಲಿನ ಹಳೆಯ ರೆಗೆ ತಟ್ಟೆಗಳನ್ನು ಮರುಮುದ್ರಣ ಮಾಡಿತು. ಮೂಲದ ಮೇಲೆ ಅಷ್ಟು ಗೌರವ ಇದ್ದುದರಿಂದಲೇ ಅವರ ಕೆಲಸ ಇವತ್ತಿಗೂ ಹಳತಾಗಿಲ್ಲ ಎಂಬುದು ನಮ್ಮ ನಂಬಿಕೆ.

ಹೊಸಬ ನಾನು. ಯಾವುದರಿಂದ ಕೇಳೋಕೆ ಶುರು ಮಾಡ್ಲಿ?

ಮೂರು ಹೆಜ್ಜೆ. ಮೊದಲು 1976ರ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’, ಆಗಸ್ಟಸ್ ಪಾಬ್ಲೊನದು. ಆಮೇಲೆ ಎರ್ನೆಸ್ಟುಸ್–ಓಸ್ವಾಲ್ಡ್ ಜೋಡಿ ರಿದಮ್ ಅಂಡ್ ಸೌಂಡ್ ಹೆಸರಿನಲ್ಲಿ 2005ರಲ್ಲಿ ತಂದ ‘ಸೀ ಮಿ ಯಾ’. ಇಡೀ ಆಲ್ಬಮ್ ಒಂದೇ ರಿಡಿಮ್ (ಹಾಡಿನ ಅಡಿಗಿರುವ ಡ್ರಮ್ಸ್–ಬೇಸ್ ಕಟ್ಟು) ಮೇಲಿದೆ, ಗಾಯಕರು ಮಾತ್ರ ಬದಲಾಗುತ್ತಾರೆ. ಕೊನೆಗೆ ಅದರದೇ 2006ರ ರೀಮಿಕ್ಸ್‌ಗಳು. ‘ಪೂರ್ ಪೀಪಲ್ ಮಸ್ಟ್ ವರ್ಕ್’ ಹಾಡನ್ನು ಡೆಟ್ರಾಯಿಟ್‌ನ ಕಾರ್ಲ್ ಕ್ರೇಗ್, ‘ಲೆಟ್ ವಿ ಗೋ’ ಹಾಡನ್ನು ರಿಕಾರ್ಡೊ ವಿಯಾಲೊಬೋಸ್ ಎತ್ತಿಕೊಂಡಿದ್ದಾರೆ. ಮೂಲ ರಿಡಿಮ್ ನಿಮ್ಮ ಕಿವಿಯಲ್ಲಿ ಕೂತ ಮೇಲೆ ಇವನ್ನು ಕೇಳಿದರೆ, ಪ್ರತಿಯೊಬ್ಬರೂ ಏನನ್ನು ಉಳಿಸಿದರು, ಏನನ್ನು ಬಿಟ್ಟರು ಎಂಬುದು ತಾನಾಗಿ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಉಲ್ಟಾ ದಿಕ್ಕಿನದೂ ಒಂದಿದೆ: ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡದ ‘ಪ್ರೊಟೆಕ್ಷನ್’ (1994) ಆಲ್ಬಮನ್ನು ಡಬ್ ಎಂಜಿನಿಯರ್ ಮ್ಯಾಡ್ ಪ್ರೊಫೆಸರ್ ಡಬ್ ಮಾಡಿದ ‘ನೋ ಪ್ರೊಟೆಕ್ಷನ್’ (1995).

ಫೋನಲ್ಲಿ ಹಾಕಿದ್ರೆ ಟಿಕ್ ಟಿಕ್ ಬಿಟ್ಟು ಏನೂ ಕೇಳ್ಸಲ್ಲ. ನನ್ನ ಕಿವಿ ಸರಿ ಇಲ್ವಾ?

ಕಿವಿ ಸರಿಯಾಗಿದೆ. ಫೋನಿನ ಸ್ಪೀಕರ್ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನದನ್ನು ಸರಿಯಾಗಿ ನುಡಿಸುವುದಿಲ್ಲ. ರೆಗೆ ಬೇಸಿನ ಮೂಲಸ್ವರಗಳು ಹೆಚ್ಚಾಗಿ ಇರುವುದು 40ರಿಂದ 100 ಹರ್ಟ್ಸ್ ನಡುವೆ. ಸಾಧಾರಣ ಹೆಡ್‌ಫೋನ್ ಸಾಕು, ಹಾಡಿನ ಅರ್ಧ ಭಾಗ ವಾಪಸ್ ಬರುತ್ತದೆ.

ಡಬ್ ಟೆಕ್ನೊ, ಡಬ್ ಹೌಸ್, ಡಬ್‌ಸ್ಟೆಪ್, ‘ಡಬ್ ಮಿಕ್ಸ್’: ಎಲ್ಲಾ ಒಂದೇನಾ?

ಅಲ್ಲ. ಡಬ್ ಟೆಕ್ನೊ, ಡಬ್ ಹೌಸ್‌ಗಳಲ್ಲಿ ನಾಲ್ಕೂ ಏಟಿಗೆ ಕಿಕ್, ಮೇಲೆ ಡಬ್ಬಿನ ಎಕೋ ಮತ್ತು ಜಾಗ. ಡಬ್‌ಸ್ಟೆಪ್ 2000ರ ಸುಮಾರಿಗೆ ದಕ್ಷಿಣ ಲಂಡನ್ನಿನಲ್ಲಿ ಯುಕೆ ಗರಾಜ್ ಎಂಬ ಬ್ರಿಟಿಷ್ ಕುಣಿತದ ಸಂಗೀತದಿಂದ ಕವಲೊಡೆದದ್ದು, ವೇಗ ನಿಮಿಷಕ್ಕೆ 140 ಏಟು. ಹೌಸ್ ತಟ್ಟೆಯ ಹಿಂಬದಿಯ ‘ಡಬ್ ಮಿಕ್ಸ್’ ಎಂದರೆ ಬಹಳ ಸಲ ಹಾಡು ಕಡಿಮೆ ಮಾಡಿದ ರೂಪ, ಅಷ್ಟೆ. ರೆಗೆ ಇರಲೇಬೇಕೆಂದಿಲ್ಲ.

ಇದನ್ನ ದೊಡ್ಡ ಸೌಂಡ್ ಸಿಸ್ಟಂನಲ್ಲಿ ಕೇಳ್ಬೇಕು. ಭಾರತದಲ್ಲಿ ಯಾರಾದ್ರೂ ಮಾಡ್ತಾರಾ?

ದೆಹಲಿಯ ರೆಗೆ ರಾಜಾಸ್ ತಂಡ 2009ರಿಂದ ಇದೆ. ಗೋವಾ ಸನ್‌ಸ್ಪ್ಲ್ಯಾಶ್ ಉತ್ಸವ 2016ರಲ್ಲಿ ಶುರುವಾಯಿತು. ಜಮೈಕಾ ಮಾದರಿಯಲ್ಲೇ ಕಟ್ಟಿದ ಬಿಎಫ್‌ಆರ್ ಸೌಂಡ್ ಸಿಸ್ಟಂ ಕೂಡ ಇದೆ. ಒಂದು ಸಲವಾದರೂ ಅಂಥ ಪೆಟ್ಟಿಗೆಗಳ ಮುಂದೆ ನಿಂತು ಕೇಳಿ, ಆಮೇಲೆ ರೀಮಿಕ್ಸ್‌ಗೆ ಕೈ ಹಾಕಿ.

## ಕೆಲಸಕ್ಕೆ ಕೂರುವ ಮುನ್ನ

ಮಲ್ಟಿಟ್ರ್ಯಾಕ್ ಸಿಗಲ್ಲ, ಬರೀ ಹಾಡಿನ ಫೈಲ್ ಇದೆ. ಎಐ ಸಾಫ್ಟ್‌ವೇರ್‌ನಲ್ಲಿ ಬೇರೆ ಮಾಡ್ಕೊಂಡ್ರೆ ಆಗುತ್ತಾ?

ಅಭ್ಯಾಸಕ್ಕೆ ಆಗುತ್ತದೆ. ಡೀಮಕ್ಸ್‌ನಂಥ ಸಾಫ್ಟ್‌ವೇರ್ ಡ್ರಮ್ಸ್, ಬೇಸ್, ದನಿ, ಉಳಿದದ್ದು ಎಂದು ನಾಲ್ಕು ಪಾಲು ಮಾಡಿಕೊಡುತ್ತದೆ. ಡಬ್ ತಟ್ಟೆಯನ್ನೇ ಕೊಟ್ಟರೆ ಮಾತ್ರ ಎಡವಟ್ಟು: ಸ್ನೇರ್ ಡ್ರಮ್ಮಿನ (‘ಚಟ್’ ಎನ್ನುವ ಸಣ್ಣ ಡ್ರಮ್) ಎಕೋ ಬಾಲ ‘ಉಳಿದದ್ದು’ ಪಾಲಿಗೆ ಹೋಗುತ್ತದೆ, ಸಿಂಬಲ್ ನೀರಿನಲ್ಲಿ ಅದ್ದಿದ ಹಾಗೆ ಕಲಕುತ್ತದೆ. ಅದಕ್ಕೆ ಮೂಲ ಹಾಡಿನಿಂದ (ಮುಂಬದಿ) ದನಿಯನ್ನು ಮಾತ್ರ ತೆಗೆದುಕೊಳ್ಳಿ, ತಾಳಕ್ಕೆ ಹಿಂಬದಿಯ ವರ್ಷನ್ ಬಳಸಿ. ಎರಡೂ ಒಂದೇ ಟೇಪಿನಿಂದ ಬಂದಿದ್ದರೂ ವೇಗ ಕೂದಲೆಳೆಯಷ್ಟು ಬೇರೆ ಇರಬಹುದು. ಮೊದಲ ಮತ್ತು ಕೊನೆಯ ಸ್ನೇರ್ ಏಟು ಕೂಡುವವರೆಗೆ ಒಂದನ್ನು ಸರಿಹೊಂದಿಸಿ.

ಬೇಸನ್ನು ಬೇರ್ಪಡಿಸಿಕೊಳ್ಳುವುದಕ್ಕಿಂತ ಕೇಳಿ ಕಲಿತು ಹೊಸದಾಗಿ ನುಡಿಸಿದರೆ ಫಲ ಹೆಚ್ಚು. ರೆಗೆ ಬೇಸ್ ಸಾಲುಗಳು ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ಬಾರ್‌ನವು (ಬಾರ್ ಎಂದರೆ ನಾಲ್ಕು ಏಟಿನ ಒಂದು ಸುತ್ತು). ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ಕೈ ಇಟ್ಟು ತಡೆಯುತ್ತಾರೆ ಎಂಬುದನ್ನು ಸ್ವರದಷ್ಟೇ ಗಮನವಿಟ್ಟು ಕಲಿಯಿರಿ.

ರೆಗೆ 75 ಬಿಪಿಎಂ, ನಂಗೆ ಬೇಕಿರೋದು 122. ಹೊಂದೋದೇ ಇಲ್ಲ ಸರ್.

ಬಿಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಏಟು ಎಂಬ ಲೆಕ್ಕ. 75 ಅನ್ನು 150 ಎಂದು ಎಣಿಸಿ. ಆಗ ವೇಗ ಹೆಚ್ಚಿಸಬೇಕಿಲ್ಲ, ಇಳಿಸಬೇಕು. 150ರಿಂದ 122ಕ್ಕೆ ಟೇಪಿನಂತೆ ಇಳಿಸಿದರೆ ಶ್ರುತಿ 3.6 ಸೆಮಿಟೋನ್ (ಅರ್ಧಸ್ವರ) ಕೆಳಗೆ ಬರುತ್ತದೆ. ಇಲ್ಲಿ ಎರಡು ತೊಂದರೆ. ಗಾಯಕನ ದನಿ ಊದಿಕೊಂಡಂತೆ ಕೇಳುತ್ತದೆ. ಜೊತೆಗೆ ಶ್ರುತಿ ಎರಡು ಸ್ವರಗಳ ನಡುವೆ ಸಿಕ್ಕಿಕೊಳ್ಳುವುದರಿಂದ ನೀವು ಸೇರಿಸುವ ಸಿಂಥ್ ಅಪಸ್ವರವಾಗುತ್ತದೆ.

ಎರಡನೆಯದಕ್ಕೆ ಸುಲಭದ ದಾರಿ: ಪೂರ್ತಿ ಸೆಮಿಟೋನ್ ಬರುವಂತೆ ವೇಗ ಆರಿಸಿ. 150ನ್ನು 126.1ಕ್ಕೆ ತಂದರೆ ಸರಿಯಾಗಿ 3 ಸೆಮಿಟೋನ್ ಇಳಿಕೆ. 140ನ್ನು 124.7ಕ್ಕೆ ತಂದರೆ 2. ಹಳೆಯ ಜಮೈಕನ್ ತಟ್ಟೆಗಳು ಎ 440 ಎಂಬ ರೂಢಿಯ ಶ್ರುತಿಗೆ ಕರಾರುವಾಕ್ಕಾಗಿ ಇರುವುದಿಲ್ಲ, ಆದ್ದರಿಂದ ಕೊನೆಗೆ ಬೇಸಿಗೆ ಟ್ಯೂನರ್ ಹಿಡಿದು ಉಳಿದ ಸೆಂಟ್‌ಗಳನ್ನು (ಸೆಮಿಟೋನಿನ ನೂರನೇ ಪಾಲು) ಸಿಂಥ್‌ನಲ್ಲಿ ಸರಿ ಮಾಡಿ.

ಮೊದಲನೆಯದಕ್ಕೆ, ಡ್ರಮ್ಸ್ ಮತ್ತು ಬೇಸನ್ನು ಮಾತ್ರ ಟೇಪಿನಂತೆ ಇಳಿಸಿ, ದನಿಯನ್ನು ಟೈಮ್‌ಸ್ಟ್ರೆಚ್ ಮಾಡಿ (ಶ್ರುತಿ ಮುಟ್ಟದೆ ವೇಗ ಮಾತ್ರ ಬದಲಿಸಿ), ಆಮೇಲೆ ಆ ಹೊಸ ಶ್ರುತಿಗೆ ತನ್ನಿ, ಫಾರ್ಮೆಂಟ್ (ಕಂಠದ ಗುಣ) ಮೂಲದಲ್ಲೇ ಉಳಿಸಿ. ಬೇಸನ್ನು ಟೈಮ್‌ಸ್ಟ್ರೆಚ್ ಮಾಡಲೇಬೇಡಿ, ಕೆಳಗಿನ ತರಂಗ ಒಡೆದು ಅದಿರುತ್ತದೆ. ಎಲ್ಲಕ್ಕಿಂತ ಮೇಲು, 62–70ರ ನಿಧಾನದ ಹಾಡನ್ನೇ ಆರಿಸಿಕೊಳ್ಳುವುದು. 64 ಇದ್ದದ್ದು 124ಕ್ಕೆ ಬರಲು ಬರೀ ಶೇಕಡ 3 ಇಳಿಸಿದರೆ ಸಾಕು.

81 ಬಿಪಿಎಂ ರೆಗೆಯನ್ನು 122ರ ಮೇಲೆ 3:2 ಲೆಕ್ಕದಲ್ಲಿ ಕೂರಿಸುವವರೂ ಇದ್ದಾರೆ. ರೆಗೆಯ ಎರಡು ಏಟಿಗೆ ಹೌಸ್‌ನ ಮೂರು. ಕೇಳಲು ಚೆನ್ನ, ಆದರೆ ರೆಗೆಯ ಒಂದು ಬಾರ್ ಹೌಸ್‌ನ ಆರು ಏಟಿಗೆ ಮುಗಿಯುವುದರಿಂದ ಎರಡೂ ಒಟ್ಟಿಗೆ ಶುರುವಾಗುವುದು ಮೂರು ಬಾರ್‌ಗೊಮ್ಮೆ. ಡೀಜೆಗಳು ಎಂಟು, ಹದಿನಾರರ ಲೆಕ್ಕದಲ್ಲಿ ಮಿಕ್ಸ್ ಮಾಡುತ್ತಾರೆ ಎಂಬುದು ನೆನಪಿರಲಿ.

ವಾರ್ಪ್ ಮಾಡಿ ಎಲ್ಲಾ ಏಟು ಗ್ರಿಡ್‌ಗೆ ಕೂರ್ಸಿದ ಮೇಲೆ ಹಾಡಿಗೆ ಜೀವಾನೇ ಇಲ್ಲ.

ಆ ಡ್ರಮ್ಮರ್‌ಗಳು ಕ್ಲಿಕ್ (ತಾಳ ಹಿಡಿಯುವ ಯಂತ್ರದ ಟಿಕ್ ಟಿಕ್) ಇಲ್ಲದೆ ನುಡಿಸಿದವರು. ಹಾಡಿನೊಳಗೇ ಒಂದೆರಡು ಬಿಪಿಎಂ ಏರಿಳಿತ ಇರುತ್ತದೆ. ಪ್ರತಿ ಏಟಿಗೆ ಮಾರ್ಕರ್ (ಏಟನ್ನು ಗ್ರಿಡ್‌ಗೆ ಕಟ್ಟುವ ಗುರುತು) ಹಾಕಿದರೆ ಏಟುಗಳ ನಡುವಿನ ಎಳೆತ ಅಳಿಸಿಹೋಗುತ್ತದೆ. ನಾಲ್ಕು ಬಾರ್‌ಗೆ ಒಂದೇ ಮಾರ್ಕರ್ ಹಾಕಿ. ಎಲ್ಲೋ ಕಿಕ್ ಜೊತೆ ಎರಡು ಏಟು ಸದ್ದು ಕೇಳಿದರೆ ಆ ಬಾರಿಗೆ ಮಾತ್ರ ಇನ್ನೊಂದು ಸೇರಿಸಿ.

## ಮಿಕ್ಸರ್ ಮುಂದೆ

ನಾಲ್ಕೂ ಏಟಿಗೆ ಕಿಕ್ ಹಾಕಿದ ಕೂಡ್ಲೇ ರೆಗೆ ಮಾಯ ಆಗುತ್ತೆ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಉತ್ತರವನ್ನೂ ನಿಧಾನವಾಗಿ ನೋಡಬೇಕು. 122ರ ಒಂದು ಹೌಸ್ ಬಾರನ್ನು 1–2–3–4 ಎಂದು ಎಣಿಸಿ, ಅದರ ಮೇಲೆ ಒನ್ ಡ್ರಾಪ್ ರೆಗೆಯನ್ನು ಇಡಿ. ಗಿಟಾರಿನ ಚುಟುಕು ಹೊಡೆತ, ಅಂದರೆ ಸ್ಕ್ಯಾಂಕ್, 2 ಮತ್ತು 4ಕ್ಕೆ ಬೀಳುತ್ತದೆ. ಡ್ರಮ್ಮರ್‌ನ ಕಿಕ್ ಮತ್ತು ಸ್ನೇರ್ ಒಟ್ಟಿಗೆ 3ಕ್ಕೆ. 1 ಖಾಲಿ. ಸಮ ಬಿಟ್ಟು ಎತ್ತುವ ಕೀರ್ತನೆಗಳನ್ನು ಕೇಳಿ ರೂಢಿಯಿದ್ದವರಿಗೆ ಆ ಖಾಲಿ ಏಟಿನ ಸೆಳೆತ ಹೊಸದೇನಲ್ಲ.

ಈಗ ಹೌಸ್ ಏನು ಮಾಡುತ್ತದೆ? 2 ಮತ್ತು 4ಕ್ಕೆ ಕ್ಲ್ಯಾಪ್ ಹಾಕುತ್ತದೆ, ಸ್ಕ್ಯಾಂಕ್ ಮುಚ್ಚಿಹೋಯಿತು. 3ಕ್ಕೆ ಕಿಕ್, ಡ್ರಾಪ್ ಮುಳುಗಿತು. 1ಕ್ಕೂ ಕಿಕ್, ಖಾಲಿ ಜಾಗ ತುಂಬಿತು. ರೆಗೆಯ ಮೂರೂ ಗುರುತು ಒಂದೇ ಏಟಿಗೆ ಹೋದವು.

ಹೀಗೆ ಮಾಡಿ ನೋಡಿ. ಕ್ಲ್ಯಾಪನ್ನು ಪೂರ್ತಿ ತೆಗೆಯಿರಿ, ಆ ಕೆಲಸ ಸ್ಕ್ಯಾಂಕ್ ಮಾಡುತ್ತದೆ. ಮೂಲ ಡ್ರಮ್ಸ್‌ಗೆ 150 ಹರ್ಟ್ಸ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) ಹಾಕಿ, ಹಳೆಯ ಕಿಕ್ ಸರಿದು 3ರ ಸ್ನೇರ್ ಉಳಿಯುತ್ತದೆ. ಅದನ್ನು 2 ಡಿಬಿ (ಡೆಸಿಬೆಲ್) ಏರಿಸಿ, ಸ್ಪ್ರಿಂಗ್ ರಿವರ್ಬ್‌ಗೆ ಕಳಿಸಿ. ನಿಮ್ಮ ಕಿಕ್‌ನ 1ನೇ ಏಟನ್ನು 3–4 ಡಿಬಿ ತಗ್ಗಿಸಿ, ನಾಲ್ಕು ಬಾರ್‌ಗೊಮ್ಮೆ ಪೂರ್ತಿ ಬಿಟ್ಟುಬಿಡಿ. ಓಪನ್ ಹೈಹ್ಯಾಟ್ ಬದಲು ಸಣ್ಣ ದನಿಯ ಶೇಕರ್ ಸಾಕು. ರೀಮಿಕ್ಸ್‌ಗೆ ಒಂದು ಸದ್ದು ಸೇರಿಸಿದಾಗಲೆಲ್ಲ ಇನ್ನೊಂದನ್ನು ತೆಗೆಯುವುದು ರೂಢಿಯಾಗಬೇಕು, ಡಬ್ ಮಾಡಿದವರು ನಮಗೆ ಬಿಟ್ಟುಹೋದ ವಿದ್ಯೆ ಅದೇ.

ಇಷ್ಟೆಲ್ಲ ಬೇಡ ಎನ್ನುವವರು ಸ್ಟೆಪ್ಪರ್ಸ್ ತಾಳದ ಹಾಡು ಆರಿಸಿಕೊಳ್ಳಲಿ. ಅದರಲ್ಲಿ ಕಿಕ್ ಮೊದಲೇ ನಾಲ್ಕೂ ಏಟಿಗಿರುತ್ತದೆ.

ಬೇಸ್ ಮತ್ತೆ ಕಿಕ್ ಒಂದಕ್ಕೊಂದು ಗುದ್ದಾಡ್ತವೆ. ಸೈಡ್‌ಚೈನ್ ಎಷ್ಟು ಹಾಕ್ಲಿ?

ಕಿಕ್ ಬಿದ್ದಾಗಲೆಲ್ಲ ಬೇಸಿನ ಸದ್ದು ತಾನಾಗಿ ತಗ್ಗುವಂತೆ ಮಾಡುವುದೇ ಸೈಡ್‌ಚೈನ್. ಆದಷ್ಟು ಕಡಿಮೆ ಹಾಕಿ. ಹೌಸ್‌ನಲ್ಲಿ ಬೇಸ್ ಉಸಿರಾಡಿದಂತೆ ಏರಿಳಿದರೆ ಚೆನ್ನ. ರೆಗೆಯಲ್ಲಿ ಬೇಸೇ ರಾಗ, ಅದು ಕುಸಿದರೆ ಹಾಡು ಕುಸಿಯುತ್ತದೆ. 2 ಡಿಬಿ ಇಳಿಕೆ, 80 ಮಿಲಿಸೆಕೆಂಡ್ ರಿಲೀಸ್ (ಸದ್ದು ಮತ್ತೆ ಮೇಲೇಳುವ ಸಮಯ) ದಾಟಬೇಡಿ. ಬದಲಿಗೆ ಕಿಕ್ಕನ್ನು ಮೊಟಕು ಮಾಡಿ: ಉದ್ದ 130 ಮಿಲಿಸೆಕೆಂಡ್ ಒಳಗೆ, 50 ಹರ್ಟ್ಸ್ ಕೆಳಗೆ ಕತ್ತರಿಸಿ, ಮುಖ್ಯ ಬಲ 90–100 ಹರ್ಟ್ಸ್ ಹತ್ತಿರ. ಕೆಳಮಹಡಿ ಬೇಸಿಗೆ, ಮೇಲಿನದು ಕಿಕ್‌ಗೆ. ಬೇಸಿಗೆ ಲಘುವಾಗಿ ಸ್ಯಾಚುರೇಶನ್ ಕೊಟ್ಟರೆ ಸಣ್ಣ ಸ್ಪೀಕರಿನಲ್ಲೂ ಸಾಲು ಗುರುತು ಸಿಗುತ್ತದೆ.

ಎಕೋ ಎಷ್ಟು ಮಿಲಿಸೆಕೆಂಡ್ ಇಡ್ಬೇಕು?

60,000ವನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಏಟಿನ ಅಳತೆ. 122ಕ್ಕೆ 492. ಡಬ್ ಹೌಸ್‌ನಲ್ಲಿ ಹೆಚ್ಚು ಓಡುವುದು ಅದರ ಮುಕ್ಕಾಲು, ಅಂದರೆ 369 ಮಿಲಿಸೆಕೆಂಡ್. ಮರುದನಿಗಳು ಕಿಕ್‌ಗಳ ಸಂದಿಯಲ್ಲಿ ಬೀಳುತ್ತವೆ, ನಾಲ್ಕನೆಯದು ಮಾತ್ರ ಏಟಿನ ಮೇಲೆ ಕೂಡುತ್ತದೆ. ದನಿಗೆ 492 ಇಟ್ಟರೆ ಮಾತು ಸ್ಪಷ್ಟ. ಅಳತೆ ಸಿಕ್ಕ ಮೇಲೆ 5–10 ಮಿಲಿಸೆಕೆಂಡ್ ಹೆಚ್ಚಿಸಿ ಕೇಳಿ, ಎಕೋ ಸ್ವಲ್ಪ ಹಿಂದೆ ಜಗ್ಗಿದಂತೆ ಆಗುತ್ತದೆ. ಟೇಪ್ ಎಕೋ ಯಂತ್ರಗಳಲ್ಲಿ ಕಂಪ್ಯೂಟರಿನ ಸಿಂಕ್ ಇರಲಿಲ್ಲ, ಕಿವಿಯಿಂದಲೇ ತಿರುಗಿಸುತ್ತಿದ್ದರು.

ಫೀಡ್‌ಬ್ಯಾಕ್ ಏರಿಸಿದ್ರೆ ಒಂದೇ ಸಲಕ್ಕೆ ಕಿರುಚಿ ಸ್ಪೀಕರ್ ಹೋಗೋ ಹಾಗಾಗುತ್ತೆ. ಹಿಡಿತಕ್ಕೆ ತರೋದು ಹೇಗೆ?

ಜೋಡಣೆಯಿಂದ. ಎಕೋದ ಒಳಗಿನ ಫೀಡ್‌ಬ್ಯಾಕನ್ನು (ಮರುದನಿಯನ್ನು ಮತ್ತೆ ಎಕೋಗೇ ತಿರುಗಿಸುವುದು) ಸೊನ್ನೆಗೆ ಇಳಿಸಿ. ಎಕೋ ರಿಟರ್ನನ್ನು (ಎಕೋದಿಂದ ಹೊರಬರುವ ಸದ್ದು) ಮಿಕ್ಸರಿನ ಒಂದು ಪೂರ್ತಿ ಚಾನೆಲ್‌ಗೆ ತನ್ನಿ, ಆ ಚಾನೆಲ್‌ನಿಂದ ಮತ್ತೆ ಅದೇ ಎಕೋಗೆ ಸೆಂಡ್ (ಸದ್ದಿನ ಪಾಲು ಕಳಿಸುವುದು) ಕೊಡಿ. ಈಗ ಫೀಡ್‌ಬ್ಯಾಕ್ ನಿಮ್ಮ ಬೆರಳ ತುದಿಯ ಸೆಂಡ್ ನಾಬ್‌ನಲ್ಲಿದೆ. ಆ ಚಾನೆಲ್‌ನ ಇಕ್ಯೂನಲ್ಲಿ 300 ಹರ್ಟ್ಸ್ ಕೆಳಗೆ, 3.5 ಕಿಲೊಹರ್ಟ್ಸ್ ಮೇಲೆ ಕತ್ತರಿಸಿ. ಪ್ರತಿ ಸುತ್ತಿಗೂ ಫಿಲ್ಟರ್ ದಾಟುವುದರಿಂದ ಎಕೋ ತೆಳ್ಳಗಾಗುತ್ತಾ ದೂರ ಸರಿಯುತ್ತದೆ, ಬೇಸಿನ ಜಾಗಕ್ಕೆ ನುಗ್ಗುವುದಿಲ್ಲ. ಈ ಸುತ್ತಿನೊಳಗೇ, ಎಕೋದ ಬೆನ್ನಿಗೆ, ಮೈನಸ್ 6 ಡಿಬಿಗೆ ಲಿಮಿಟರ್ (ಸದ್ದು ಆ ಮಿತಿ ದಾಟದಂತೆ ತಡೆಯುವುದು) ಕಡ್ಡಾಯ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ರಿಟರ್ನ್ ಟ್ರ್ಯಾಕ್‌ನ ಸೆಂಡ್ ಮೊದಲೇ ಬಂದ್ ಆಗಿರುತ್ತದೆ, ಮೌಸಿನ ಬಲ ಗುಂಡಿ ಒತ್ತಿ ಚಾಲೂ ಮಾಡಬೇಕು.

ಹೆಡ್‌ಫೋನ್ ಹಾಕಿಕೊಂಡು ಇದನ್ನು ಕಲಿಯಬೇಡಿ. ಕಿವಿಗೆ ಅಪಾಯ.

ಟಬ್ಬಿ ಡಬ್‌ನಲ್ಲಿ ಹೈಹ್ಯಾಟ್ ‘ಶ್ಶ್‌ಶ್ಶ್’ ಅಂತ ಮೆಟ್ಟಿಲು ಹತ್ತೋ ಸದ್ದು ಹೇಗೆ ಬರುತ್ತೆ?

ಅವನ ಎಂಸಿಐ ಮಿಕ್ಸರಿನಲ್ಲಿದ್ದ ಹೈಪಾಸ್ ಫಿಲ್ಟರಿನದು. ಅದರ ದೊಡ್ಡ ನಾಬ್ ಜಾರುತ್ತಿರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ತಿರುಗುತ್ತಿತ್ತು: 70, 100, 150, 250, 500 ಹರ್ಟ್ಸ್, ಆಮೇಲೆ 1, 2, 3, 5, 7.5 ಕಿಲೊಹರ್ಟ್ಸ್. ಸಾಫ್ಟ್‌ವೇರ್‌ನಲ್ಲಿ ಆಕ್ಟೇವ್‌ಗೆ 18 ಡಿಬಿಯ ಹೈಪಾಸ್ ಹಾಕಿ, ಆಟೊಮೇಶನ್ ಗೆರೆಯನ್ನು ಓರೆಯಾಗಿ ಎಳೆಯದೆ ಈ ಅಂಕಿಗಳಲ್ಲೇ ನೇರ ಜಿಗಿಸಿ. ಎಂಟನೇ ಬಾರ್‌ನಲ್ಲಿ ಡ್ರಮ್ಸ್ ಮೇಲೆ ಮಾಡಿ ನೋಡಿ, ಹೌಸ್‌ನ ಬಿಲ್ಡ್‌ಅಪ್‌ಗೆ ಇದಕ್ಕಿಂತ ಚೆಂದದ ಪರ್ಯಾಯವಿಲ್ಲ.

ಮೌಸ್‌ನಲ್ಲೇ ಆಟೊಮೇಶನ್ ಬರೆದ್ರೆ ಸಾಕಲ್ವಾ?

ಸಾಲದು. ಎಂಟು ಫೇಡರ್, ಎಂಟು ನಾಬ್ ಇರುವ ಅಗ್ಗದ ಮಿಡಿ ಕಂಟ್ರೋಲರ್ ತನ್ನಿ. ಹಾಡನ್ನು ಎಂಟು ನಿಮಿಷದ ಲೂಪ್ ಆಗಿ ಹರಡಿ, ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಕೈಯಾರೆ ಮಿಕ್ಸ್ ಮಾಡಿ ರೆಕಾರ್ಡ್ ಮಾಡಿ. ಮೂರು ನಾಲ್ಕು ಸಲ ಮಾಡಿ ಒಳ್ಳೆಯ ತುಂಡುಗಳನ್ನು ಜೋಡಿಸಿ. ಸೆಂಡ್ ತೆರೆದದ್ದು ಅರೆಕ್ಷಣ ತಡವಾದ ಕಾರಣ ಪದದ ಬಾಲ ಮಾತ್ರ ಎಕೋಗೆ ಹೋಯಿತು ಎಂಬಂಥದ್ದು ಮೌಸಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಬೇಸಿಕ್ ಚಾನೆಲ್ ಥರದ ತೇಲೋ ಕಾರ್ಡ್ ಮಾಡೋದು ಹೇಗೆ?

ಎರಡು ಸಾಟೂತ್ ಆಸಿಲೇಟರ್, ನಡುವೆ 8 ಸೆಂಟ್ ಅಂತರ. ಮೈನರ್ 7 ಅಥವಾ 9 ಕಾರ್ಡ್. 24 ಡಿಬಿ ಲೋಪಾಸ್ 500 ಹರ್ಟ್ಸ್‌ನಲ್ಲಿ, ಎನ್ವೆಲಪ್ ಡಿಕೇ 250 ಮಿಲಿಸೆಕೆಂಡ್. ಎಕೋ 369ಕ್ಕೆ, ಫೀಡ್‌ಬ್ಯಾಕ್ ಶೇಕಡ 65, ಅದರಾಚೆ ರಿವರ್ಬ್. ಫಿಲ್ಟರನ್ನು ನಾಲ್ಕು ನಿಮಿಷ ಬಹಳ ನಿಧಾನ ತಿರುಗಿಸಿ. ರೆಗೆ ರೀಮಿಕ್ಸ್ ಆದರೆ ಈ ಕಾರ್ಡನ್ನು ಸ್ಕ್ಯಾಂಕ್ ಬೀಳುವ ಜಾಗದಲ್ಲೇ ಇಟ್ಟು, ಮೂಲ ಗಿಟಾರನ್ನು ಎಂಟು ಬಾರ್‌ಗೊಮ್ಮೆ ಮಾತ್ರ ಬಿಡಿ.

## ಹೊರಗೆ ಬಿಡುವಾಗ

ಮಾಸ್ಟರ್ ಮಾಡಿದ ಮೇಲೆ ಬೇರೆ ಹೌಸ್ ಹಾಡುಗಳಿಗಿಂತ ಸದ್ದು ಕಮ್ಮಿ ಅನ್ಸುತ್ತೆ.

ಕಮ್ಮಿಯೇ ಇರಲಿ. ಮೈನಸ್ 8 ಲಫ್ಸ್‌ಗೆ (ಹಾಡಿನ ಒಟ್ಟು ಸದ್ದಿನ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಒತ್ತಿದರೆ ಎಕೋ ಬಾಲಗಳು ಎದ್ದು ಮೇಲೆ ಬಂದು ಜಾಗವೆಲ್ಲ ತುಂಬಿಕೊಳ್ಳುತ್ತದೆ. ಮೈನಸ್ 11ರ ಹತ್ತಿರ ನಿಲ್ಲಿಸಿ, ಡೀಜೆ ಗೇನ್ ಏರಿಸಿಕೊಳ್ಳುತ್ತಾರೆ. ವಿನೈಲ್‌ಗೆ ಹೋಗುವುದಾದರೆ 120 ಹರ್ಟ್ಸ್ ಕೆಳಗಿನದೆಲ್ಲ ಮೋನೊ ಇರಬೇಕು, ಇಲ್ಲದಿದ್ದರೆ ಸೂಜಿ ಜಿಗಿಯುತ್ತದೆ.

ಹಳೇ ಜಮೈಕನ್ ಹಾಡು ತಾನೇ, ಪರ್ಮಿಷನ್ ಯಾಕೆ? ನಮ್ಮಲ್ಲಿ ಕವರ್ ವರ್ಷನ್‌ಗೆ ಕಾನೂನು ಇದೆಯಲ್ಲ?

ಭಾರತದ ಕೃತಿಸ್ವಾಮ್ಯ ಕಾಯ್ದೆಯ 31ಸಿ ಸೆಕ್ಷನ್ ಹೇಳುವುದು ಹೊಸದಾಗಿ ಹಾಡಿ ನುಡಿಸಿದ ಕವರ್ ಬಗ್ಗೆ, ಅದೂ ಐದು ವರ್ಷ ಕಳೆದ ಮೇಲೆ, ರಾಯಲ್ಟಿ ಮುಂಗಡ ಕಟ್ಟಿ. ಮೂಲ ಧ್ವನಿಮುದ್ರಣವನ್ನು ಕತ್ತರಿಸಿ ಬಳಸುವ ರೀಮಿಕ್ಸ್‌ಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ, 1976ರ ತಟ್ಟೆಗೆ 2036ರ ಕೊನೆಯವರೆಗೆ. ಜಮೈಕಾದಲ್ಲಿ 2015ರ ತಿದ್ದುಪಡಿಯ ನಂತರ ಅವಧಿ 95 ವರ್ಷ.

ಬೇಕಾದದ್ದು ಎರಡು ಒಪ್ಪಿಗೆ: ಮುದ್ರಣದ್ದು ಲೇಬಲ್ಲಿನಿಂದ, ಹಾಡಿನದ್ದು ಪಬ್ಲಿಷರ್‌ನಿಂದ. ಒಂದೇ ರಿಡಿಮ್ ಮೇಲೆ ಹತ್ತಾರು ಹಾಡು ಬಂದಿರುವುದರಿಂದ ನಿಮ್ಮ ಕೈಲಿರುವ ತಟ್ಟೆಯ ನಿರ್ಮಾಪಕ ಯಾರೆಂದು ಮೊದಲು ಖಚಿತ ಮಾಡಿಕೊಳ್ಳಿ. ಆ ಕಾಲದ ಎಷ್ಟೋ ಗಾಯಕರಿಗೆ, ವಾದಕರಿಗೆ ಮುದ್ರಣದ ದಿನ ಸಿಕ್ಕ ಕೂಲಿ ಬಿಟ್ಟರೆ ಬಿಡಿಗಾಸೂ ಬಂದಿಲ್ಲ. ಆದ್ದರಿಂದ ಲೇಬಲ್ಲಿಗೆ ಬರೆಯುವ ಪತ್ರದಲ್ಲೇ ಗಾಯಕರ ಪಾಲು ಎಷ್ಟು, ಅದು ಅವರಿಗೆ ಅಥವಾ ಅವರ ಕುಟುಂಬಕ್ಕೆ ಹೇಗೆ ತಲುಪುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಹೊರಬರುವ ರೀಮಿಕ್ಸ್‌ನ ಮೇಲೆ ಮೂಲ ಗಾಯಕ, ವಾದಕರು, ಡಬ್ ಮಾಡಿದ ಎಂಜಿನಿಯರ್ ಎಲ್ಲರ ಹೆಸರೂ ಇರಬೇಕು, ನಿಮ್ಮದು ಅದರ ನಂತರ.